ಹಳೆ ಡೆಸ್ಕ್‌ಟಾಪ್: ರಿವೈಂಡಿಂಗ್ ಮಾಡಿಸೋಣವೋ, ಹೊಸದು ತರೋಣವೋ?

ನಮ್ಮ ಭಾಗದ ಹಳ್ಳಿ ಮನೆಗಳಿಗೆ ಕಂಪ್ಯೂಟರ್ ಬಂದದ್ದು ಹೆಚ್ಚಾಗಿ ಮನೆಯ ಹಿರಿಯ ಮಗನ ಡಿಪ್ಲೊಮಾ ಜತೆಗೆ. ಹತ್ತು ಹನ್ನೆರಡು ವರ್ಷಗಳ ಹಿಂದೆ ಸಾಲ ಸೋಲ ಮಾಡಿ ತಂದ ಆ ಪೆಟ್ಟಿಗೆ ಈಗಲೂ ಪಡಸಾಲೆಯ ಮೂಲೆಯಲ್ಲಿ ಹಳೆ ಸೀರೆಯ ಮುಸುಕು ಹೊದ್ದು ಕೂತಿದೆ. ತಂದವನು ಕೆಲಸ ಹಿಡಿದು ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗಿದ್ದಾನೆ. ಊರಲ್ಲಿ ಉಳಿದ ತಮ್ಮ, ತಂಗಿಯರು ಅದರಲ್ಲೇ ಮಾಕ್ ಟೆಸ್ಟ್ ಬರೆಯುತ್ತಾರೆ, ಅರ್ಜಿ ತುಂಬುತ್ತಾರೆ, ಟ್ಯಾಲಿ ಕಲಿಯುತ್ತಾರೆ. ಗುಂಡಿ ಒತ್ತಿ ಚಹಾ ಕುಡಿದು ಬಂದರೂ ಪರದೆಯ ಮೇಲೆ ಚಕ್ರ ಇನ್ನೂ ಸುತ್ತುತ್ತಲೇ ಇರುತ್ತದೆ. ಆಗ ಎಲ್ಲ ಮನೆಗಳಲ್ಲೂ ಒಂದೇ ಪ್ರಶ್ನೆ ಏಳುತ್ತದೆ: ಇದನ್ನು ರಿಪೇರಿ ಮಾಡಿಸೋಣವೋ, ಹೊಸದು ತರೋಣವೋ?

ಗದಗಿನಿಂದ ಹತ್ತು ಹನ್ನೆರಡು ಕಿಲೋಮೀಟರ್ ದೂರದ ಹರ್ತಿಯ ನಮ್ಮ ಮನೆಯಲ್ಲೂ ಕಳೆದ ವರ್ಷ ಈ ಪ್ರಶ್ನೆ ಎದ್ದಿತು. ಏಳಲು ಒಂದು ತಾರೀಖೂ ಕಾರಣವಾಗಿತ್ತು. 2015ರ ಜುಲೈ 29ರಂದು ಬಿಡುಗಡೆಯಾಗಿದ್ದ ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟ್ ತನ್ನ ಬೆಂಬಲವನ್ನು 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿತು. ‘ನಿಮ್ಮ ಕಂಪ್ಯೂಟರ್ ವಿಂಡೋಸ್ 11ಕ್ಕೆ ಅರ್ಹವಲ್ಲ’ ಎಂಬ ಸಂದೇಶ ಕಂಡ ಕೂಡಲೇ ಅನೇಕರು ‘ಮುಗೀತು ಇದರ ಕಥಿ’ ಎಂದುಕೊಂಡರು. ಅಂಗಡಿಗಳಲ್ಲೂ ಅದೇ ಮಾತು. ನಮಗೆ ಸಿಕ್ಕ ಕೊಟೇಷನ್ 38 ಸಾವಿರ ರೂಪಾಯಿಯದು. ಮನೆಯಲ್ಲಿ ಹೆಸರು ಮಾರಿ ಬಂದ ಹಣದಲ್ಲಿ ಇದಕ್ಕೆಂದು ತೆಗೆದಿಡಬಹುದಾದದ್ದು 40 ಸಾವಿರ. ಲೆಕ್ಕ ಸರಿಹೋಯಿತು ಎನ್ನಿಸುವಂತಿತ್ತು. ಆದರೆ ಬಳಸುವವರು ಇಬ್ಬರಿದ್ದೆವು: ಬಿ.ಕಾಂ. ಮುಗಿಸಿ ಬ್ಯಾಂಕ್ ಪರೀಕ್ಷೆಗೆ ಓದುತ್ತಿರುವ ನಾನು, ಬಿಸಿಎ ಎರಡನೇ ವರ್ಷದಲ್ಲಿರುವ ತಂಗಿ.

ಅಪ್ಪನಿಗೆ ಕಂಪ್ಯೂಟರ್ ಗೊತ್ತಿಲ್ಲ, ಪಂಪ್‌ಸೆಟ್ ಗೊತ್ತು. ಅವರು ಕೇಳಿದ್ದು ಒಂದೇ ಮಾತು: ‘ಮೋಟರ್ ನೀರು ಎತ್ತಲಿಲ್ಲ ಅಂದ್ರ ಬೋರ್ ಮುಚ್ಚತೀವೇನು? ಮೊದ್ಲ ಏನು ಕೆಟ್ಟೈತಿ ನೋಡ್ರಿ.’

ಈ ವಿಷಯದಲ್ಲಿ ನಾನು ಕೇಳಿದ ಸಲಹೆಗಳಲ್ಲಿ ಇದೇ ಉತ್ತಮ ಸಲಹೆ. ಪಂಪ್ ನಿಂತಾಗ ರೈತ ಮೊದಲು ಫ್ಯೂಸ್ ನೋಡುತ್ತಾನೆ, ಆಮೇಲೆ ಸ್ಟಾರ್ಟರ್, ಆಮೇಲೆ ಕೆಪಾಸಿಟರ್. ಸುಟ್ಟಿದ್ದರೆ ವೈಂಡಿಂಗ್ ಮಾಡಿಸುತ್ತಾನೆ. ಮತ್ತೆ ಮತ್ತೆ ಸುಟ್ಟರೆ ಮಾತ್ರ ಹೊಸ ಮೋಟರ್ ಮಾತು. ಕಂಪ್ಯೂಟರ್‌ಗೂ ಇದೇ ಕ್ರಮ ಸಾಕು.

ದಣಿದದ್ದು ಯಾವ ಭಾಗ?

ಡೆಸ್ಕ್‌ಟಾಪ್ ಎಂಬುದು ಒಂದು ವಸ್ತುವಲ್ಲ, ಏಳೆಂಟು ವಸ್ತುಗಳ ಕೂಟ. ಎಲ್ಲವೂ ಒಂದೇ ದಿನ ಮುದಿಯಾಗುವುದಿಲ್ಲ. ದಣಿದದ್ದು ಯಾವುದು ಎಂದು ತಿಳಿಯಲು ಅಂಗಡಿಗೆ ಹೋಗಬೇಕಿಲ್ಲ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಲಿಗಳನ್ನು ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ‘ಪರ್ಫಾರ್ಮೆನ್ಸ್’ ವಿಭಾಗ ನೋಡುತ್ತ ನಿಮ್ಮ ದಿನನಿತ್ಯದ ಕೆಲಸ ಮಾಡಿ. ಡಿಸ್ಕ್ ಗೆರೆ ಸದಾ ನೂರು ಶೇಕಡದಲ್ಲಿ ನಿಂತಿದ್ದರೆ ತೊಂದರೆ ಹಾರ್ಡ್ ಡಿಸ್ಕಿನದು. ಮೆಮೊರಿ ಎಂಬತ್ತು, ತೊಂಬತ್ತು ದಾಟಿದ್ದರೆ ರ‍್ಯಾಮ್ ಸಾಲದು. ಇವೆರಡೂ ಆರಾಮಾಗಿದ್ದು ಸಿಪಿಯು ಒಂದೇ ನೂರರಲ್ಲಿ ಒದ್ದಾಡುತ್ತಿದ್ದರೆ ಮಾತ್ರ ನಿಜಕ್ಕೂ ಪ್ರೊಸೆಸರ್‌ಗೆ ವಯಸ್ಸಾಗಿದೆ.

ನಮ್ಮದು 2014ರಲ್ಲಿ ತಂದ ಯಂತ್ರ: ನಾಲ್ಕನೇ ತಲೆಮಾರಿನ ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ಟಾಸ್ಕ್ ಮ್ಯಾನೇಜರ್ ತೋರಿಸಿದ್ದು ಹೀಗೆ: ಡಿಸ್ಕ್ 100, ಮೆಮೊರಿ 88, ಸಿಪಿಯು 30ರ ಆಸುಪಾಸು. ಅಂದರೆ ಗಾಡಿಯ ಎತ್ತು ಗಟ್ಟಿಯಾಗಿತ್ತು, ಕೀಲು ಬಿಗಿದಿತ್ತು.

ಇದಕ್ಕೆ ಕಾರಣ ಸರಳ. ಹಾರ್ಡ್ ಡಿಸ್ಕಿನೊಳಗೆ ಒಂದು ತಟ್ಟೆ ನಿಮಿಷಕ್ಕೆ 7,200 ಸುತ್ತು ತಿರುಗುತ್ತದೆ. ಅದರ ಮೇಲೆ ಒಂದು ತೋಳು ಅತ್ತಿಂದಿತ್ತ ಓಡಾಡಿ ಮಾಹಿತಿ ಹುಡುಕುತ್ತದೆ. ಒಂದೊಂದು ಹುಡುಕಾಟಕ್ಕೂ ಸೆಕೆಂಡಿನ ನೂರನೇ ಒಂದು ಭಾಗದಷ್ಟು ಕಾಲ ಬೇಕು. ವಿಂಡೋಸ್ ಎದ್ದೇಳುವಾಗ ಇಂಥ ಸಾವಿರಾರು ಹುಡುಕಾಟ ನಡೆಯುತ್ತವೆ. ಎಸ್‌ಎಸ್‌ಡಿಯಲ್ಲಿ ತಟ್ಟೆಯೂ ಇಲ್ಲ, ತೋಳೂ ಇಲ್ಲ, ಎಲ್ಲ ಚಿಪ್‌ನಲ್ಲೇ. ಹಳೆ ಮದರ್‌ಬೋರ್ಡಿನ ಸಾಟಾ ಕೇಬಲ್‌ಗೇ ಸಿಕ್ಕಿಸುವ ಸಾಮಾನ್ಯ ಎಸ್‌ಎಸ್‌ಡಿ ಕೂಡ ಆ ಹುಡುಕಾಟವನ್ನು ನೂರು ಪಟ್ಟು ಬೇಗ ಮುಗಿಸುತ್ತದೆ. ಹಳೆ ಡೆಸ್ಕ್‌ಟಾಪ್‌ಗೆ ಒಂದೇ ಒಂದು ಬದಲಾವಣೆ ಮಾಡಲು ಹಣವಿದ್ದರೆ ಅದು ಇದೇ.

ರ‍್ಯಾಮ್ ವಿಷಯದಲ್ಲಿ ಮೂರು ಎಚ್ಚರಿಕೆ. ಒಂದು, ಡಿಡಿಆರ್3 ಸ್ಲಾಟ್‌ಗೆ ಡಿಡಿಆರ್4 ಕೂರುವುದಿಲ್ಲ. ಖರೀದಿಗೆ ಮೊದಲು ಬೋರ್ಡ್ ಮಾದರಿ ನೋಡಿಕೊಳ್ಳಿ. ಎರಡು, ನಿಮ್ಮ ವಿಂಡೋಸ್ 32 ಬಿಟ್ ಆಗಿದ್ದರೆ 8 ಜಿಬಿ ಹಾಕಿದರೂ ಅದು 4 ಜಿಬಿಯನ್ನೂ ಪೂರ್ತಿ ಬಳಸಲಾರದು. ಮೊದಲು 64 ಬಿಟ್ ಆವೃತ್ತಿ ಹಾಕಬೇಕು. ಮೂರು, ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿ ಚಿಪ್‌ಗಳ ಬೆಲೆ ಜಗತ್ತಿನಾದ್ಯಂತ ಏರಿತು. ಹೊಸ ಕಂಪ್ಯೂಟರ್ ಬೆಲೆಗೂ ಅದರ ಬಿಸಿ ತಟ್ಟಿದೆ. ಹೀಗಾಗಿ ಕಳೆದ ವರ್ಷ ಗೆಳೆಯ ಕೊಂಡ ಬೆಲೆಯನ್ನು ನಂಬಿಕೊಂಡು ಪೇಟೆಗೆ ಹೋಗಬೇಡಿ.

ನಲವತ್ತು ರೂಪಾಯಿಯ ಕಾಯಿಲೆಗಳು

ಹಣ ಖರ್ಚು ಮಾಡುವ ಮೊದಲು ಅಗ್ಗದ ಕಾರಣಗಳನ್ನು ತೆಗೆದುಹಾಕಬೇಕು. ಕಂಪ್ಯೂಟರ್ ಪ್ರತಿ ಸಲ ಹಳೆಯ ತಾರೀಖು ತೋರಿಸುತ್ತ, ವೆಬ್‌ಸೈಟ್‌ಗಳು ‘ಸುರಕ್ಷಿತವಲ್ಲ’ ಎಂದು ತೆರೆಯಲು ನಿರಾಕರಿಸಿದರೆ ಮದರ್‌ಬೋರ್ಡಿನ ಮೇಲಿರುವ ಬಿಲ್ಲೆಯಂಥ ಬ್ಯಾಟರಿ ಮುಗಿದಿರಬಹುದು. ಸಿಆರ್ 2032 ಎಂಬ ಈ ಬ್ಯಾಟರಿ ಕೈಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ, ನಮಗೆ 40 ರೂಪಾಯಿಗೆ ಸಿಕ್ಕಿತು. ತಾರೀಖು ತಪ್ಪಿದ್ದರೆ ಜಾಲತಾಣದ ಭದ್ರತಾ ಪ್ರಮಾಣಪತ್ರ ಹೊಂದಿಕೆಯಾಗುವುದಿಲ್ಲ. ಅರ್ಜಿ ತುಂಬುವ ಕೊನೆಯ ದಿನ ಈ ಸಣ್ಣ ಬಿಲ್ಲೆ ದೊಡ್ಡ ನಷ್ಟ ಮಾಡಬಲ್ಲದು.

ಇನ್ನೊಂದು ದೂಳು. ಎರೆಭೂಮಿಯ ಊರು ನಮ್ಮದು, ಬೇಸಿಗೆಯ ಗಾಳಿಗೆ ಕ್ಯಾಬಿನೆಟ್ ಒಳಗೆ ಹೊಲವೇ ಬಂದು ಕೂತಿರುತ್ತದೆ. ಫ್ಯಾನ್ ರೆಕ್ಕೆಗಳಿಗೆ, ಹೀಟ್‌ಸಿಂಕ್ ಸಂದಿಗಳಿಗೆ ದೂಳು ಮೆತ್ತಿದರೆ ಪ್ರೊಸೆಸರ್ ಕಾಯುತ್ತದೆ. ಕಾದರೆ ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ, ಮಿತಿ ಮೀರಿದರೆ ಪೂರ್ತಿ ಬಂದಾಗುತ್ತದೆ. ಪ್ಲಗ್ ಕಿತ್ತು, ಮೆತ್ತನೆಯ ಬ್ರಶ್‌ನಿಂದ ಗುಡಿಸಿ, ಪ್ರೊಸೆಸರ್ ಮೇಲಿನ ಒಣಗಿದ ಥರ್ಮಲ್ ಪೇಸ್ಟ್ ಬದಲಿಸಿದರೆ ಎಷ್ಟೋ ‘ಕೆಟ್ಟ’ ಕಂಪ್ಯೂಟರ್‌ಗಳು ಎದ್ದು ಕೂರುತ್ತವೆ.

ಇನ್ನು ಕರೆಂಟ್ ಹೋದ ಕ್ಷಣಕ್ಕೇ ಆರಿಹೋಗುವ ಯುಪಿಎಸ್. ಸಾಮಾನ್ಯ 600 ವಿಎ ಯುಪಿಎಸ್‌ನಲ್ಲಿ ಇರುವುದು 12 ವೋಲ್ಟ್, 7 ಆಂಪಿಯರ್ ಅವರ್‌ನ ಬ್ಯಾಟರಿ. ಅದೊಂದನ್ನೇ ಬದಲಿಸಿದರೆ ಸಾಕು, ಯುಪಿಎಸ್ ಎಸೆಯಬೇಕಿಲ್ಲ.

ಹಾರ್ಡ್ ಡಿಸ್ಕಿನ ಆರೋಗ್ಯವನ್ನೂ ನೋಡಿಬಿಡಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶ ಅದನ್ನು ತೋರಿಸುತ್ತದೆ. ‘ಕಾಷನ್’ ಎಂದು ಹಳದಿ ಬಣ್ಣ ಕಂಡರೆ ಅದೇ ದಿನ ಅಂಕಪಟ್ಟಿ, ಜಾತಿ ಪ್ರಮಾಣಪತ್ರದ ಸ್ಕ್ಯಾನ್ ಪ್ರತಿ, ಫೋಟೊ ಎಲ್ಲವನ್ನೂ ಬೇರೆಡೆ ನಕಲು ಮಾಡಿಕೊಳ್ಳಿ. ಡಿಸ್ಕ್ ಮತ್ತೆ ಸಿಗುತ್ತದೆ, ಅದರಲ್ಲಿ ಇದ್ದದ್ದು ಸಿಗುವುದಿಲ್ಲ.

ಅಪ್‌ಗ್ರೇಡ್‌ಗೂ ಒಂದು ಗೆರೆ

ಹಾಗೆಂದು ಹಳೆಯದಕ್ಕೆ ಹಣ ಸುರಿಯುತ್ತಲೇ ಹೋಗುವುದು ಜಾಣತನವಲ್ಲ. ನಾವು ಎರಡು ಗೆರೆ ಹಾಕಿಕೊಂಡೆವು.

ಮೊದಲನೆಯದು: ಮದರ್‌ಬೋರ್ಡ್ ಬದಲಿಸುವ ಮಾತು ಬಂದರೆ ಅಲ್ಲಿಗೆ ನಿಲ್ಲಿಸಬೇಕು. ನಾಲ್ಕನೇ ತಲೆಮಾರಿನ ಬೋರ್ಡಿನಲ್ಲಿ ಎಂಟನೇ ತಲೆಮಾರಿನ ಪ್ರೊಸೆಸರ್ ಕೂರುವುದಿಲ್ಲ. ಹೊಸ ಪ್ರೊಸೆಸರ್ ಎಂದರೆ ಹೊಸ ಬೋರ್ಡ್, ಹೊಸ ಬೋರ್ಡ್ ಎಂದರೆ ಹೊಸ ರ‍್ಯಾಮ್, ಆಮೇಲೆ ಹಳೆ ಎಸ್‌ಎಂಪಿಎಸ್ ತಾಳುತ್ತದೋ ಇಲ್ಲವೋ ಎಂಬ ಅನುಮಾನ. ಅದು ಅಪ್‌ಗ್ರೇಡ್ ಅಲ್ಲ, ಹಳೆ ಡಬ್ಬಿಯಲ್ಲಿ ಹೊಸ ಕಂಪ್ಯೂಟರ್. ಎರಡನೆಯದು: ರಿಪೇರಿಯ ಒಟ್ಟು ಖರ್ಚು ಒಳ್ಳೆಯ ಸೆಕೆಂಡ್‌ಹ್ಯಾಂಡ್ ಯಂತ್ರದ ಬೆಲೆಯ ಮೂರನೇ ಒಂದು ಭಾಗ ದಾಟಬಾರದು. ಇದು ಯಾವ ಪುಸ್ತಕದ ಸೂತ್ರವೂ ಅಲ್ಲ, ಮನೆಯಲ್ಲಿ ಕೂತು ಒಪ್ಪಿಕೊಂಡ ಮಿತಿ. ಮಿತಿ ಎಷ್ಟೆಂಬುದಕ್ಕಿಂತ ಅಂಗಡಿ ಮೆಟ್ಟಿಲು ಹತ್ತುವ ಮೊದಲೇ ಒಂದು ಮಿತಿ ಇರುವುದು ಮುಖ್ಯ.

ನಿಮ್ಮದು ಡಿಡಿಆರ್2 ಕಾಲದ ಪೆಂಟಿಯಂ ಅಥವಾ ಕೋರ್ 2 ಡುಯೊ ಆಗಿದ್ದರೆ ಅದಕ್ಕೆ ದುಡ್ಡು ಹಾಕಬೇಡಿ. ಬೋರ್ಡಿನ ಮೇಲಿನ ಕೆಪಾಸಿಟರ್‌ಗಳು ಉಬ್ಬಿದ್ದರೂ ಅದೇ ಮಾತು. ಆಗ ಸೆಕೆಂಡ್‌ಹ್ಯಾಂಡ್ ಒಳ್ಳೆಯ ದಾರಿ. ಕಂಪನಿಗಳು ಬಳಸಿ ಬಿಟ್ಟ ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಪ್ರೊಡೆಸ್ಕ್, ಲೆನೊವೊ ಥಿಂಕ್‌ಸೆಂಟರ್‌ನಂಥ ಯಂತ್ರಗಳು ಬೆಂಗಳೂರಿನ ಎಸ್‌.ಪಿ. ರಸ್ತೆಯಂಥ ಮಾರುಕಟ್ಟೆಗಳಲ್ಲಿ ಸಿಗುತ್ತವೆ.

ಅಲ್ಲಿ ‘ಐ5 ಐತ್ರಿ’ ಎಂಬ ಮಾತಿಗೆ ಮರುಳಾಗಬಾರದು. ಐ5-2400 ಕೂಡ ಐ5, ಅದು 2011ರದ್ದು. ಐ5-8500 ಕೂಡ ಐ5. ಗೀಟಿನ ನಂತರದ ಅಂಕಿ ತಲೆಮಾರು ಹೇಳುತ್ತದೆ. ಅಲ್ಲಿ 8 ಅಥವಾ ಅದಕ್ಕಿಂತ ಹೆಚ್ಚು ಇರಲಿ. ಏಕೆಂದರೆ ವಿಂಡೋಸ್ 11 ಕೇಳುವುದು ಇಂಟೆಲ್‌ನ ಎಂಟನೇ ತಲೆಮಾರು ಅಥವಾ ಅದರ ನಂತರದ ಪ್ರೊಸೆಸರ್, ಟಿಪಿಎಂ 2.0 ಎಂಬ ಭದ್ರತಾ ಚಿಪ್, ಕನಿಷ್ಠ 4 ಜಿಬಿ ರ‍್ಯಾಮ್ ಮತ್ತು 64 ಜಿಬಿ ಜಾಗ. ಹಳೆ ಯಂತ್ರಕ್ಕೇ ‘ಬೈಪಾಸ್ ಮಾಡಿ 11 ಹಾಕಿಕೊಡತೀವಿ’ ಎನ್ನುವವರೂ ಇದ್ದಾರೆ. ಅಂಥ ಯಂತ್ರಗಳಿಗೆ ಅಪ್‌ಡೇಟ್ ಬರುವ ಖಾತರಿ ಇಲ್ಲವೆಂದು ಮೈಕ್ರೊಸಾಫ್ಟ್ ಹೇಳಿದೆ. ಖಾತರಿ ಇಲ್ಲದ ಕೆಲಸಕ್ಕೆ ಹಣ ಕೊಡುವುದು ಬೇಡ.

ವಿಂಡೋಸ್ 10 ಉಳಿದವರು ಏನು ಮಾಡಬೇಕು?

ಬೆಂಬಲ ನಿಂತಿತು ಎಂದರೆ ಕಂಪ್ಯೂಟರ್ ನಿಂತಿತು ಎಂದಲ್ಲ. ಹೊಸ ಭದ್ರತಾ ತೇಪೆಗಳು ಬರುವುದಿಲ್ಲ ಎಂದರ್ಥ. ಮನೆಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಒಂದು ವರ್ಷದ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಯೋಜನೆಯನ್ನು ಮೈಕ್ರೊಸಾಫ್ಟ್ ಪ್ರಕಟಿಸಿತು. ಮೈಕ್ರೊಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಮಾಡಿದರೆ ದುಡ್ಡು ಕೊಡದೆಯೂ ಅದಕ್ಕೆ ಸೇರಬಹುದು. ಇದು ಯೋಚಿಸಲು ಸಿಕ್ಕ ವಾಯಿದೆ, ಶಾಶ್ವತ ಪರಿಹಾರವಲ್ಲ.

ಇನ್ನೊಂದು ದಾರಿ ಲಿನಕ್ಸ್. ಹೆಸರು ಕೇಳಿದರೆ ಎಂಜಿನಿಯರ್‌ಗಳ ವಸ್ತು ಎನಿಸುತ್ತದೆ. ಆದರೆ ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ವರ್ಷಗಳಿಂದ ಉಬುಂಟು ಆಧಾರಿತ ಲಿನಕ್ಸ್‌ನಲ್ಲೇ ಪಾಠ ಕಲಿಯುತ್ತಿದ್ದಾರೆ, ಅವರಲ್ಲಿ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಸೇರಿದ್ದಾರೆ. ಹೈಸ್ಕೂಲ್ ಮಕ್ಕಳಿಗೆ ಬರುವುದು ನಮಗೆ ಬಾರದೇ? ಲಿನಕ್ಸ್ ಮಿಂಟ್ 4 ಜಿಬಿ ರ‍್ಯಾಮ್‌ನಲ್ಲಿ ಹಾಯಾಗಿ ನಡೆಯುತ್ತದೆ. ಬ್ರೌಸರ್ ಇದೆ, ಲಿಬ್ರೆಆಫೀಸ್ ಇದೆ, ಯುನಿಕೋಡ್ ಕನ್ನಡಕ್ಕೆ ಕಗಪ ಕೀಲಿಮಣೆ ವಿನ್ಯಾಸವೂ ಇದೆ. ಮಾಕ್ ಟೆಸ್ಟ್, ಯೂಟ್ಯೂಬ್ ಪಾಠ, ಅರ್ಜಿ, ಪಿಡಿಎಫ್ ಇಷ್ಟೇ ನಿಮ್ಮ ಕೆಲಸವಾದರೆ ಇಷ್ಟು ಸಾಕು.

ಆದರೆ ನುಡಿ ತಂತ್ರಾಂಶದಲ್ಲಿ ಟೈಪಿಂಗ್ ಅಭ್ಯಾಸ ಮಾಡುವವರಿಗೆ, ಟ್ಯಾಲಿ ಕಲಿಯುವವರಿಗೆ ವಿಂಡೋಸ್ ಬೇಕೇ ಬೇಕು. ಅದಕ್ಕೆ ನಾನು ಎರಡನ್ನೂ ಇಟ್ಟುಕೊಂಡಿದ್ದೇನೆ. ಎಸ್‌ಎಸ್‌ಡಿಯನ್ನು ಎರಡು ಭಾಗ ಮಾಡಿ ಒಂದರಲ್ಲಿ ಮಿಂಟ್, ಇನ್ನೊಂದರಲ್ಲಿ ವಿಂಡೋಸ್ 10. ಇಂಟರ್‌ನೆಟ್, ಇಮೇಲ್, ಬ್ಯಾಂಕ್ ವ್ಯವಹಾರ ಮಿಂಟ್‌ನಲ್ಲಿ. ನುಡಿ ಮತ್ತು ಟ್ಯಾಲಿ ವಿಂಡೋಸ್‌ನಲ್ಲಿ, ಆಗ ನೆಟ್ ಬಂದ್.

ಕೆಲಸ ಯಾರದು, ಸರದಿ ಯಾರದು?

ಯಂತ್ರದ ಲೆಕ್ಕ ಇಷ್ಟಕ್ಕೆ ಮುಗಿಯಿತು. ಕಷ್ಟದ ಲೆಕ್ಕ ಮನುಷ್ಯರದು. ನನ್ನ ಕೆಲಸಕ್ಕೆ ಈ ಹಳೆ ಐ3 ಇನ್ನೆರಡು ವರ್ಷ ಸಾಕು. ತಂಗಿಯದು ಹಾಗಲ್ಲ. ಆಂಡ್ರಾಯ್ಡ್ ಸ್ಟುಡಿಯೊಗೆ ಕನಿಷ್ಠ 8 ಜಿಬಿ ಬೇಕು, ಎಮ್ಯುಲೇಟರ್ ನಡೆಸಲು 16 ಜಿಬಿ ಇದ್ದರೆ ಒಳ್ಳೆಯದು. ಕೊನೆಯ ವರ್ಷದ ಪ್ರಾಜೆಕ್ಟನ್ನು ಕಾಲೇಜಿಗೆ ಒಯ್ದು ತೋರಿಸಬೇಕು. ಡೆಸ್ಕ್‌ಟಾಪನ್ನು ಬಸ್ಸಿನಲ್ಲಿ ಒಯ್ಯಲಾಗದು.

ಈಗಲೇ 38 ಸಾವಿರ ಕೊಟ್ಟು ಹೊಸ ಡೆಸ್ಕ್‌ಟಾಪ್ ತಂದಿದ್ದರೆ ಮನೆಯಲ್ಲಿ ಒಂದು ಚೆಂದದ ಯಂತ್ರ ಇರುತ್ತಿತ್ತು, ಅದರ ಮುಂದೆ ಪರೀಕ್ಷೆಗೆ ಓದುವ ನಾನು ಕೂತಿರುತ್ತಿದ್ದೆ. ಮುಂದಿನ ವರ್ಷ ಪ್ರಾಜೆಕ್ಟ್ ಹೊತ್ತಿಗೆ ತಂಗಿಗೆ ಉಳಿಯುತ್ತಿದ್ದದ್ದು ಎರಡು ಸಾವಿರ ಮತ್ತು ‘ಮುಂದ ನೋಡೋಣು’ ಎಂಬ ಮಾತು. ನಮ್ಮ ಮನೆಗಳಲ್ಲಿ ಹೊಸದು ಹಿರಿಯರಿಗೆ, ಹಳೆಯದು ಕಿರಿಯರಿಗೆ ಬರುವುದು ವಾಡಿಕೆ. ಅಂಗಿಯ ವಿಷಯದಲ್ಲಿ ಅದು ನಡೆದೀತು. ಓದಿನ ಸಲಕರಣೆಯ ವಿಷಯದಲ್ಲಿ ನೋಡಬೇಕಾದದ್ದು ವಯಸ್ಸಲ್ಲ, ಅಗತ್ಯ.

ನಾವು ಮಾಡಿದ ಖರ್ಚು ಹೀಗಿದೆ: 256 ಜಿಬಿ ಎಸ್‌ಎಸ್‌ಡಿಗೆ 2,400, ಯುಪಿಎಸ್ ಬ್ಯಾಟರಿಗೆ 1,100, ಬಿಲ್ಲೆ ಬ್ಯಾಟರಿಗೆ 40, ಸ್ವಚ್ಛಗೊಳಿಸಿ ಜೋಡಿಸಿದ ಕೂಲಿ 300. ಒಟ್ಟು 3,840 ರೂಪಾಯಿ. ಇನ್ನೊಂದು 4 ಜಿಬಿ ರ‍್ಯಾಮ್ ದುಡ್ಡಿಲ್ಲದೆ ಬಂತು. ಗೆಳತಿಯ ಮನೆಯಲ್ಲಿ ಬೋರ್ಡ್ ಸುಟ್ಟು ಮೂಲೆ ಸೇರಿದ್ದ ಕಂಪ್ಯೂಟರ್‌ನದು ಅದು. ಬದಲಿಗೆ ನಮ್ಮಲ್ಲಿ ಹೆಚ್ಚಿಗಿದ್ದ ಕೀಬೋರ್ಡ್ ಅವರ ಮನೆ ಸೇರಿತು. ಒಂದು ಓಣಿಯಲ್ಲಿ ಸತ್ತು ಬಿದ್ದ ಮೂರು ಡೆಸ್ಕ್‌ಟಾಪ್‌ಗಳಿದ್ದರೆ ಅವುಗಳಿಂದ ಒಂದು ಒಳ್ಳೆಯದನ್ನು ಎಬ್ಬಿಸಬಹುದು. 1905ರಲ್ಲೇ ಕಣಗಿನಹಾಳದಲ್ಲಿ ಕೃಷಿ ಸಹಕಾರ ಸಂಘ ಕಟ್ಟಿದ ತಾಲ್ಲೂಕಿನವರು ನಾವು. ರ‍್ಯಾಮ್ ಹಂಚಿಕೊಳ್ಳುವುದು ದೊಡ್ಡ ಮಾತಲ್ಲ.

ನಾಲ್ಕು ನಿಮಿಷ ತೆಗೆದುಕೊಳ್ಳುತ್ತಿದ್ದ ಕಂಪ್ಯೂಟರ್ ಈಗ ಅರ್ಧ ನಿಮಿಷದೊಳಗೆ ಏಳುತ್ತದೆ. ಉಳಿದ 36 ಸಾವಿರ ತಂಗಿಯ ಲ್ಯಾಪ್‌ಟಾಪಿನ ಹಣ. ಅದು ಬ್ಯಾಂಕಿನಲ್ಲಿದೆ, ಅದಕ್ಕೆ ಕೈ ಹಚ್ಚುವಂತಿಲ್ಲ ಎಂದು ಮನೆಯಲ್ಲಿ ಮಾತಾಗಿದೆ. ಆ ಹೊತ್ತಿಗೆ ಬೆಲೆ ಇನ್ನಷ್ಟು ಏರಿದರೆ ಎಂಬ ಅಳುಕು ನನಗೂ ಇದೆ. ಆದರೆ ಬೇಡದ ಯಂತ್ರವನ್ನು ಇಂದು ಕೊಂಡು ಆ ಅಳುಕನ್ನು ಕಳೆಯಲಾಗದು. ಹಳೆ ಯಂತ್ರಕ್ಕೂ ಒಂದು ನಿವೃತ್ತಿ ದಿನ ಗೊತ್ತುಮಾಡಿದ್ದೇವೆ: ಇನ್ನೆರಡು ವರ್ಷ, ಅಥವಾ ಬೋರ್ಡ್ ಕೈಕೊಡುವ ದಿನ, ಯಾವುದು ಮೊದಲೋ ಅದು. ಅಲ್ಲಿಯವರೆಗೆ ಮತ್ತೊಂದು ಪೈಸೆ ಹಾಕುವುದಿಲ್ಲ.

ಕೊನೆಗೆ ಎರಡು ಮಾತು

ಡೆಸ್ಕ್‌ಟಾಪ್ ಇಟ್ಟುಕೊಳ್ಳುವುದಕ್ಕೂ ಖರ್ಚಿದೆ. ಮಾನಿಟರ್ ಸೇರಿ ಸುಮಾರು 100 ವಾಟ್ ಎಂದು ಹಿಡಿದರೆ ದಿನಕ್ಕೆ ಐದು ತಾಸಿಗೆ ಅರ್ಧ ಯೂನಿಟ್, ತಿಂಗಳಿಗೆ 15 ಯೂನಿಟ್. ಗೃಹಜ್ಯೋತಿಯಲ್ಲಿ ಎಲ್ಲರಿಗೂ 200 ಯೂನಿಟ್ ಉಚಿತ ಎಂದಲ್ಲ. ಆ ಮನೆಯ ಹಿಂದಿನ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿ ಮಿತಿ ಕೊಟ್ಟಿರುತ್ತಾರೆ. ಹೆಸ್ಕಾಂ ಬಿಲ್ಲಿನಲ್ಲಿ ನಿಮ್ಮ ಮಿತಿ ನೋಡಿಕೊಳ್ಳಿ. ದಿನಕ್ಕೆ ಒಂದು ತಾಸಿನ ಕೆಲಸವಷ್ಟೇ ಇದ್ದರೆ ಕೊಳ್ಳುವುದೂ ಬೇಡ, ರಿಪೇರಿಯೂ ಬೇಡ. ರಾಜ್ಯದ ಅನೇಕ ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳಲ್ಲಿ ಈಗ ಕಂಪ್ಯೂಟರ್‌ಗಳಿವೆ. ಮೊದಲು ನಿಮ್ಮೂರಿನದಕ್ಕೆ ಹೋಗಿ ಕೇಳಿ.

ಹಳೆಯದನ್ನು ಬಿಡುವುದೇ ಆದರೆ ತೂಕಕ್ಕೆ ಗುಜರಿಗೆ ಹಾಕಬೇಡಿ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ಹಳೆ ಉಪಕರಣಗಳ ಮರುಬಳಕೆಯ ಹೊಣೆ ತಯಾರಕ ಕಂಪನಿಗಳದ್ದು. ಕಂಪನಿಯ ಸೇವಾ ಕೇಂದ್ರದಲ್ಲಿ ಕೇಳಿ ಕೊಡಿ. ಕೊಡುವ ಮೊದಲು ಹಾರ್ಡ್ ಡಿಸ್ಕ್ ಕಳಚಿ ಇಟ್ಟುಕೊಳ್ಳಿ. ಅದರಲ್ಲಿ ನಿಮ್ಮ ಆಧಾರ್, ಅಂಕಪಟ್ಟಿ, ಬ್ಯಾಂಕ್ ಪುಸ್ತಕ ಎಲ್ಲ ಇರುತ್ತವೆ.

ಗೆಳೆಯರೇ, ಕೆಲಸ ಹುಡುಕುವ ವಯಸ್ಸಿನಲ್ಲಿ ‘ಹೊಸ ಕಂಪ್ಯೂಟರ್ ಬಂದ ಮೇಲೆ ಶುರು ಮಾಡತೀನಿ’ ಎಂಬ ಮಾತು ಬಾಯಿಗೆ ಬೇಗ ಬರುತ್ತದೆ. ಹೊಸದು ಬೇಕಾಗುವ ದಿನ ಖಂಡಿತ ಬರುತ್ತದೆ, ಬಂದಾಗ ಧೈರ್ಯವಾಗಿ ಕೊಳ್ಳಿ. ಅದಕ್ಕೂ ಮೊದಲು ಒಂದು ಹಾಳೆ ತೆಗೆದುಕೊಂಡು ಮೂರು ಸಾಲು ಬರೆಯಿರಿ: ಮುಂದಿನ ಎರಡು ವರ್ಷ ಇದರಲ್ಲಿ ನಾನು ಮಾಡುವ ಕೆಲಸವೇನು, ಈಗ ಆ ಕೆಲಸಕ್ಕೆ ಅಡ್ಡ ಬರುತ್ತಿರುವ ಭಾಗ ಯಾವುದು, ಈ ಹಣಕ್ಕೆ ಮನೆಯಲ್ಲಿ ಇನ್ಯಾರು ಕಾಯುತ್ತಿದ್ದಾರೆ? ಮೂರನೇ ಸಾಲಿಗೆ ಉತ್ತರ ಬರೆದ ಮೇಲೆಯೇ ಅಂಗಡಿಗೆ ಹೋಗಿ.